ಮೂರನೆಯ ಟೇಸ್ ಬೇಡವೆಂದ ಪ್ರಕರಣ: ಯಕೃತ್ತಿನ ಕ್ಯಾನ್ಸರ್, ಕ್ಯಾಥೆಟರ್ ಚಿಕಿತ್ಸೆ ಮತ್ತು ನಿಂತುಹೋದ ಒಂದು ಮಾತ್ರೆ

ಯಕೃತ್ತಿನ ಕ್ಯಾನ್ಸರಿಗೆ ಹೊಟ್ಟೆ ಕೊಯ್ಯದೆ, ರಕ್ತನಾಳದ ಒಳಗಿನಿಂದಲೇ ಕ್ಯಾಥೆಟರ್ ಎಂಬ ಸಪೂರ ಕೊಳವೆ ಹಾಯಿಸಿ ಚಿಕಿತ್ಸೆ ಕೊಡುವ ‘ಟೇಸ್’ ಎಂಬ ಕ್ರಮ ಈಗ ಕರ್ನಾಟಕದ ದೊಡ್ಡ ಊರುಗಳಲ್ಲಿ ಅಪರೂಪದ್ದೇನಲ್ಲ. ಗಡ್ಡೆಯನ್ನು ತಲುಪುವ ಕೌಶಲದ ಬಗ್ಗೆ ಸಾಕಷ್ಟು ಮಾತು ನಡೆಯುತ್ತದೆ. ಆ ಚಿಕಿತ್ಸೆಯನ್ನು ಎಷ್ಟು ಸಲ ಕೊಡಬಹುದು, ಯಾವಾಗ ಕೊಡಬಾರದು ಎಂಬುದರ ಬಗ್ಗೆ ನಡೆಯುವ ಮಾತು ಕಡಿಮೆ. ಇಲ್ಲಿ ವಿವರಿಸಿರುವ ಪ್ರಕರಣದಲ್ಲಿ ಎರಡು ಸಲ ಫಲ ಕೊಟ್ಟ ಚಿಕಿತ್ಸೆಯನ್ನು ಮೂರನೆಯ ಸಲ ಮಾಡಲು ವೈದ್ಯರ ತಂಡ ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲ ಎಂಬುದೇ ಈ ಬರಹದ ವಿಷಯ. ಇದು ಒಬ್ಬ ನಿರ್ದಿಷ್ಟ ವ್ಯಕ್ತಿಯ ಆಸ್ಪತ್ರೆ ದಾಖಲೆಯಲ್ಲ. ಇಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಸಂಗತಿಗಳನ್ನು ಒಬ್ಬರಲ್ಲೇ ಸೇರಿಸಿ ಕಟ್ಟಿದ ಮಾದರಿ ಪ್ರಕರಣ. ರೋಗಿಯ ರಕ್ತಪರೀಕ್ಷೆಯ ಅಂಕಿಗಳನ್ನು ಆ ಅರ್ಥದಲ್ಲೇ ಓದಿಕೊಳ್ಳಬೇಕು. ವೈದ್ಯಕೀಯ ಅಧ್ಯಯನಗಳದೆಂದು ಹೇಳಿದ ಅಂಕಿಗಳು ಮಾತ್ರ ಪ್ರಕಟಿತ ಅಂಕಿಗಳು.

ರೋಗಿ ಮತ್ತು ಪತ್ತೆ

ರೋಗಿ 58 ವರ್ಷದ ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ಕಡೆಯವರು. ಕುಡಿತದ ಅಭ್ಯಾಸವಿಲ್ಲ. ಸಕ್ಕರೆ ಕಾಯಿಲೆ ಇಲ್ಲ. ಅವರ ತಾಯಿ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೀರಿಕೊಂಡಿದ್ದರು. ಮನೆಯಲ್ಲಿ ಅದನ್ನು ಜಲೋದರವೆಂದು ಕರೆದು ಅಲ್ಲಿಗೇ ಬಿಟ್ಟಿದ್ದರು. ಹನ್ನೊಂದು ವರ್ಷಗಳ ಹಿಂದೆ ಒಂದು ರಕ್ತದಾನ ಶಿಬಿರದಲ್ಲಿ ಇವರ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇರುವುದು ತಿಳಿದಿತ್ತು. ರಕ್ತ ತೆಗೆದುಕೊಳ್ಳಲಿಲ್ಲ, ವೈದ್ಯರನ್ನು ಕಾಣಿ ಎಂದು ಚೀಟಿ ಕೊಟ್ಟರು. ಆರೋಗ್ಯದಲ್ಲಿ ಏನೂ ಏರುಪೇರಿಲ್ಲದಿದ್ದುದರಿಂದ ಆ ಚೀಟಿ ಬೀರುವಿನಲ್ಲೇ ಉಳಿಯಿತು.

ಈ ವೈರಸ್ ಹೊತ್ತವರ ಪೈಕಿ ಅಪಾಯ ಹೆಚ್ಚಿರುವವರು, ಅದರಲ್ಲೂ ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಡುಸಾಗುವುದು) ಆದವರು, ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ಈ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಏರುವ ಆಲ್ಫಾ ಫೀಟೊಪ್ರೋಟೀನ್ ಎಂಬ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕೆಂಬುದು ಎಲ್ಲೆಡೆ ಒಪ್ಪಿತವಾದ ಸಲಹೆ. ಈ ರೋಗಿಗೆ ಮೊದಲ ಅಲ್ಟ್ರಾಸೌಂಡ್ ಆದದ್ದು ಬೇರೆಯ ಕಾರಣಕ್ಕೆ: ಊಟವಾದ ಮೇಲೆ ಹೊಟ್ಟೆ ಉಬ್ಬರಿಸುವುದನ್ನು ಅವರು ಗ್ಯಾಸ್ಟ್ರಿಕ್ ಎಂದುಕೊಂಡು ಶಿವಮೊಗ್ಗದಲ್ಲಿ ತೋರಿಸಿದರು. ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ನೋಡಹೊರಟ ಪರೀಕ್ಷೆಯಲ್ಲಿ ಯಕೃತ್ತಿನ ಬಲಭಾಗದ ಗಡ್ಡೆ ಕಂಡಿತು.

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೂರು ಹಂತಗಳ ಸಿಟಿ ಸ್ಕ್ಯಾನ್ ಮಾಡಲಾಯಿತು. ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯಾದ ವಪೆಗೆ ತಾಗಿಕೊಂಡಂತೆ, ವೈದ್ಯರು ಎಂಟು ಭಾಗಗಳಾಗಿ ಎಣಿಸುವ ಯಕೃತ್ತಿನ 8ನೇ ಭಾಗದಲ್ಲಿ 4.8 ಸೆಂಟಿಮೀಟರಿನ ಒಂದು ಗಡ್ಡೆ, 6ನೇ ಭಾಗದಲ್ಲಿ 2.4 ಸೆಂಟಿಮೀಟರಿನ ಇನ್ನೊಂದು. ಚುಚ್ಚಿದ ಬಣ್ಣದ ದ್ರವ ಅಪಧಮನಿಗಳನ್ನು ತುಂಬುವ ಹಂತದಲ್ಲಿ ಎರಡೂ ಸುತ್ತಲಿನ ಯಕೃತ್ತಿಗಿಂತ ಹೆಚ್ಚು ಬೆಳಗಿ, ನಂತರದ ಹಂತದಲ್ಲಿ ಸುತ್ತಲಿಗಿಂತ ಮಂಕಾದವು. ಇವರದರಂತೆ ಸಿರೋಸಿಸ್ ಆದ ಯಕೃತ್ತಿನಲ್ಲಿ ಈ ಗಾತ್ರದ ಗಡ್ಡೆ ಹೀಗೆ ನಡೆದುಕೊಂಡರೆ ಅದು ಹೆಪಟೊಸೆಲ್ಯುಲರ್ ಕಾರ್ಸಿನೋಮ, ಅಂದರೆ ಯಕೃತ್ತಿನ ಜೀವಕೋಶಗಳಲ್ಲೇ ಹುಟ್ಟಿದ ಕ್ಯಾನ್ಸರ್, ಎಂದು ಹೇಳಲು ಸೂಜಿ ಚುಚ್ಚಿ ಚೂರು ತೆಗೆಯಬೇಕಾಗಿಲ್ಲ. ಬೇರೆ ಬಹುತೇಕ ಕ್ಯಾನ್ಸರ್‌ಗಳಲ್ಲಿ ಬಯಾಪ್ಸಿ ಇಲ್ಲದೆ ಚಿಕಿತ್ಸೆ ಆರಂಭಿಸುವುದಿಲ್ಲವಾದ್ದರಿಂದ ಮನೆಯವರಿಗೆ ಇದನ್ನು ಒಪ್ಪಿಸುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ಆಲ್ಫಾ ಫೀಟೊಪ್ರೋಟೀನ್ 412 ಇತ್ತು. ಬಿಲಿರುಬಿನ್ 1.3, ಆಲ್ಬುಮಿನ್ 3.4, ರಕ್ತ ಹೆಪ್ಪುಗಟ್ಟುವಿಕೆಯ ಅಳತೆಯಾದ ಐಎನ್‌ಆರ್ 1.3, ಹೊಟ್ಟೆಯಲ್ಲಿ ನೀರಿಲ್ಲ, ಪ್ರಜ್ಞೆಯಲ್ಲಿ ವ್ಯತ್ಯಾಸವಿಲ್ಲ. ಈ ಐದನ್ನೂ ಕೂಡಿಸಿ ಯಕೃತ್ತಿನ ಬಲವನ್ನು ಅಳೆಯುವ ಚೈಲ್ಡ್-ಪ್ಯೂ ಎಣಿಕೆಯಲ್ಲಿ ಅವರಿಗೆ ಬಂದದ್ದು 6 ಅಂಕ, ಅಂದರೆ ‘ಎ’ ದರ್ಜೆ. 5 ಅತ್ಯುತ್ತಮ, 15 ಅತ್ಯಂತ ಕೆಟ್ಟದ್ದು. 7ಕ್ಕೆ ‘ಬಿ’ ದರ್ಜೆ, 10ಕ್ಕೆ ‘ಸಿ’ ದರ್ಜೆ ಶುರುವಾಗುತ್ತದೆ. ಪ್ಲೇಟ್‌ಲೆಟ್ 88,000 ಮಾತ್ರ. ಎಂಡೊಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬಿದ್ದವು. ಕರುಳಿನಿಂದ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ಅಭಿಧಮನಿ ತೆರೆದಿತ್ತು, ಅದರಲ್ಲಿ ಗಡ್ಡೆ ಹಬ್ಬಿರಲಿಲ್ಲ. ಮುಂದಿನ ತೀರ್ಮಾನಗಳೆಲ್ಲ ಈ ಪ್ಯಾರಾದ ಮೇಲೆ ನಿಂತಿವೆ.

ಆಯ್ಕೆಗಳ ಪರಿಶೀಲನೆ

ಸರ್ಜನ್, ಲಿವರ್ ತಜ್ಞರು, ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ (ಪರದೆಯ ಮೇಲೆ ನೋಡುತ್ತ ಕ್ಯಾಥೆಟರ್, ಸೂಜಿಗಳಿಂದ ಚಿಕಿತ್ಸೆ ಕೊಡುವವರು) ಮತ್ತು ಕ್ಯಾನ್ಸರ್ ಔಷಧ ತಜ್ಞರು ಒಟ್ಟಿಗೆ ಕುಳಿತು ಚರ್ಚಿಸಿದರು. ಎರಡೂ ಗಡ್ಡೆಗಳನ್ನು ಕೊಯ್ದು ತೆಗೆಯಬೇಕಾದರೆ ಯಕೃತ್ತಿನ ಬಲಭಾಗದ ಬಹುಪಾಲು ಹೋಗಬೇಕಾಗಿತ್ತು. ಪ್ಲೇಟ್‌ಲೆಟ್ ಇಳಿದಿರುವುದು, ಅನ್ನನಾಳದ ನಾಳಗಳು ಉಬ್ಬಿರುವುದು ಪೋರ್ಟಲ್ ಒತ್ತಡ ಏರಿರುವುದರ ಲಕ್ಷಣ. ಅಂಥವರಲ್ಲಿ ದೊಡ್ಡ ಕೊಯ್ತದ ನಂತರ ಉಳಿದ ಯಕೃತ್ತು ಕೈಕೊಡುವ ಸಂಭವ ಹೆಚ್ಚು. ಸೂಜಿ ತೂರಿಸಿ ಸುಡುವ ಅಬ್ಲೇಶನ್ 3 ಸೆಂಟಿಮೀಟರಿನ ಒಳಗಿನ ಗಡ್ಡೆಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, 4.8ಕ್ಕೆ ಅದು ನೆಚ್ಚಿಕೊಳ್ಳುವ ದಾರಿಯಲ್ಲ. ಯಕೃತ್ ಕಸಿಗೆ 1996ರಲ್ಲಿ ಇಟಲಿಯ ಮಿಲಾನ್‌ನಿಂದ ಬಂದ ಮಿತಿ ಇಂದಿಗೂ ಅಳತೆಗೋಲು: ಒಂದೇ ಗಡ್ಡೆಯಿದ್ದರೆ 5 ಸೆಂಟಿಮೀಟರ್ ಮೀರಬಾರದು, ಎರಡು ಅಥವಾ ಮೂರಿದ್ದರೆ ಯಾವುದೂ 3 ಸೆಂಟಿಮೀಟರ್ ಮೀರಬಾರದು. ಇವರು ಆ ಮಿತಿಯಿಂದ ಹೊರಗಿದ್ದರು, ಆದರೆ ದೂರವೇನಿರಲಿಲ್ಲ. ಗಡ್ಡೆಗಳನ್ನು ಕುಗ್ಗಿಸಿ ಮಿತಿಯೊಳಗೆ ತಂದು, ಕನಿಷ್ಠ ಮೂರು ತಿಂಗಳು ಅವು ಹಾಗೆಯೇ ಇರುತ್ತವೆಯೇ ಎಂದು ನೋಡಿ, ಆಮೇಲೆ ಕಸಿಯನ್ನು ಯೋಚಿಸುವ ದಾರಿ ತೆರೆದಿತ್ತು.

ಹೀಗೆ ಕುಗ್ಗಿಸಲು ಆರಿಸಿಕೊಂಡದ್ದು ಟ್ರಾನ್ಸ್‌ಆರ್ಟೀರಿಯಲ್ ಕೀಮೋಎಂಬೊಲೈಸೇಶನ್. ಆಸ್ಪತ್ರೆಯ ಮಾತಿನಲ್ಲಿ ‘ಟೇಸ್’. ಇದರ ಹಿಂದಿರುವ ತತ್ವ ಸರಳವಾದದ್ದು. ಯಕೃತ್ತಿಗೆ ರಕ್ತ ಎರಡು ಕಡೆಯಿಂದ ಬರುತ್ತದೆ: ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ಅಭಿಧಮನಿಯಿಂದ, ಕಾಲು ಪಾಲು ಯಕೃತ್ ಅಪಧಮನಿಯಿಂದ. ಬೆಳೆದ ಕ್ಯಾನ್ಸರ್ ಗಡ್ಡೆ ಮಾತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ಅಪಧಮನಿಯನ್ನೇ ನಂಬಿರುತ್ತದೆ. ಕೆರೆಯ ಕಾಲುವೆಯೂ ಬಾವಿಯ ಪಂಪೂ ಇರುವ ತೋಟದಲ್ಲಿ ಒಂದು ಮೂಲೆಯ ಗಿಡಗಳು ಪಂಪಿನ ನೀರನ್ನಷ್ಟೇ ಕುಡಿಯುತ್ತಿದ್ದರೆ, ಆ ಪೈಪನ್ನು ಕಟ್ಟಿದಾಗ ಒಣಗುವುದು ಆ ಮೂಲೆಯೇ ಎಂದು ರೇಡಿಯಾಲಜಿಸ್ಟ್ ರೋಗಿಗೆ ವಿವರಿಸಿದರು. ರೋಗಿ ಕೇಳಿದ ಪ್ರಶ್ನೆ ಚುರುಕಾಗಿತ್ತು: “ಕಾಲುವೆನೇ ಬತ್ತಿದ್ರೆ ಆಗ ಏನು ಮಾಡ್ತೀರಿ ಡಾಕ್ಟ್ರೇ?” ವೈದ್ಯಕೀಯವಾಗಿಯೂ ಅದೇ ಸರಿಯಾದ ಪ್ರಶ್ನೆ. ಪೋರ್ಟಲ್ ಅಭಿಧಮನಿ ಮುಚ್ಚಿಹೋಗಿದ್ದರೆ, ಅಥವಾ ಸಿರೋಸಿಸ್ ತೀರ ಮುಂದುವರಿದಿದ್ದರೆ, ಅಪಧಮನಿಯನ್ನು ಕಟ್ಟಿದಾಗ ಗಡ್ಡೆಯ ಜೊತೆಗೆ ಯಕೃತ್ತೂ ಒಣಗುತ್ತದೆ.

ಟೇಸ್‌ನ ಇತಿಹಾಸ ಕೂಡ ಈ ಪ್ರಶ್ನೆಯ ಸುತ್ತಲೇ ಇದೆ. ಚರ್ಮದಲ್ಲಿ ಚುಚ್ಚಿದ ಸೂಜಿಯ ಮೂಲಕ ತಂತಿ ಇಳಿಸಿ, ಆ ತಂತಿಯ ಮೇಲೆ ಕ್ಯಾಥೆಟರ್ ಜಾರಿಸುವ ಉಪಾಯವನ್ನು ಸ್ವೀಡನ್ನಿನ ಸ್ವೆನ್-ಇವಾರ್ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದರು. 1970ರ ದಶಕದಲ್ಲಿ ಫ್ರಾನ್ಸ್ ಮತ್ತು ಜಪಾನಿನ ವೈದ್ಯರು ಯಕೃತ್ ಗಡ್ಡೆಯ ಅಪಧಮನಿಯನ್ನು ಕಟ್ಟುವ ಪ್ರಯೋಗಕ್ಕೆ ಇಳಿದರು. ಗಡ್ಡೆ ಸಾಯುತ್ತಿತ್ತು, ಆದರೆ ರೋಗಿಯ ಆಯುಷ್ಯ ಹೆಚ್ಚುತ್ತದೆಂದು ತೋರಿಸಲು 2002ರವರೆಗೆ ಕಾಯಬೇಕಾಯಿತು. ಆ ವರ್ಷ ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್‌ಗಳಿಂದ ಎರಡು ಅಧ್ಯಯನಗಳು ಬಂದವು. ಬಾರ್ಸಿಲೋನಾದ ಅಧ್ಯಯನದಲ್ಲಿ ಎರಡು ವರ್ಷಗಳ ನಂತರ ಬದುಕಿದ್ದವರ ಅಂದಾಜು ಪ್ರಮಾಣ ಟೇಸ್ ಪಡೆದವರಲ್ಲಿ ಶೇ. 63, ಲಕ್ಷಣಗಳಿಗಷ್ಟೇ ಚಿಕಿತ್ಸೆ ಪಡೆದವರಲ್ಲಿ ಶೇ. 27. ಹೆಪಟೈಟಿಸ್ ಬಿ ಹೆಚ್ಚಾಗಿದ್ದ ಹಾಂಗ್‌ಕಾಂಗ್‌ನ ರೋಗಿಗಳಲ್ಲಿ ಅವೇ ಅಂಕಿಗಳು ಶೇ. 31 ಮತ್ತು ಶೇ. 11. ಬಾರ್ಸಿಲೋನಾದ ಫಲಿತಾಂಶಕ್ಕಿಂತ ನನಗೆ ಮುಖ್ಯವೆನಿಸುವುದು ಅದರ ಇನ್ನೊಂದು ಅಂಕಿ: ಅಲ್ಲಿ ಪರಿಶೀಲಿಸಿದ 903 ರೋಗಿಗಳಲ್ಲಿ ಅಧ್ಯಯನಕ್ಕೆ ಸೇರಿದವರು 112 ಮಂದಿ ಮಾತ್ರ. ಯಕೃತ್ತಿನ ಬಲ ಉಳಿದಿರುವವರನ್ನು ಹೀಗೆ ಜರಡಿ ಹಿಡಿದು ಆರಿಸಿದ್ದರಿಂದಲೇ ಟೇಸ್‌ನ ಲಾಭ ಕಣ್ಣಿಗೆ ಕಂಡಿತು ಎಂದು ನಾನು ಓದಿಕೊಳ್ಳುತ್ತೇನೆ.

ಇಟ್ರಿಯಂ-90 ಎಂಬ ವಿಕಿರಣ ವಸ್ತುವನ್ನು ಹೊತ್ತ ಸೂಕ್ಷ್ಮ ಮಣಿಗಳನ್ನು ಅದೇ ಅಪಧಮನಿಯಲ್ಲಿ ಹರಿಯಬಿಡುವ ಚಿಕಿತ್ಸೆಯೂ ಚರ್ಚೆಗೆ ಬಂತು. ಅದರ ವಿಕಿರಣ ಅಂಗಾಂಶದೊಳಗೆ ಸರಾಸರಿ 2.5 ಮಿಲಿಮೀಟರಿನಷ್ಟು ಮಾತ್ರ ಸಾಗುತ್ತದೆ, 64 ಗಂಟೆಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಅಪಧಮನಿ ಪೂರ್ತಿ ಕಟ್ಟಿಹೋಗುವುದಿಲ್ಲವಾದ್ದರಿಂದ ಜ್ವರ, ನೋವು ಕಡಿಮೆ. ಆದರೆ ಮೊದಲು ಒಂದು ಸಲ ಆಂಜಿಯೋಗ್ರಾಮ್ ಮಾಡಿ ಮಣಿಗಳು ಶ್ವಾಸಕೋಶಕ್ಕೆ ಎಷ್ಟು ಸೋರಬಹುದೆಂದು ಅಳೆಯಬೇಕು, ಎರಡನೆಯ ಸಲ ಮಣಿಗಳನ್ನು ಕೊಡಬೇಕು. ಖರ್ಚು ಟೇಸ್‌ಗಿಂತ ಹಲವು ಪಟ್ಟು. ಈ ಕುಟುಂಬ ತೋಟ ಅಡವಿಟ್ಟು ಅದನ್ನು ಮಾಡಿಸಬೇಕಾದಷ್ಟು ಹೆಚ್ಚಿನ ಲಾಭ ಈ ಹಂತದಲ್ಲಿ ಇಲ್ಲವೆಂದು ತಂಡ ನೇರವಾಗಿ ಹೇಳಿತು. ಹಾಗೆ ಹೇಳುವ ತಂಡಗಳು ಹೆಚ್ಚಾಗಬೇಕು.

ಟೇಸ್‌ಗೆ ಎರಡು ವಾರ ಮೊದಲೇ ವೈರಸ್ ವಿರುದ್ಧದ ಟೆನೊಫೊವಿರ್ ಮಾತ್ರೆ, ಅನ್ನನಾಳದ ನಾಳಗಳ ಒತ್ತಡ ಇಳಿಸಲು ಕಾರ್ವೆಡಿಲಾಲ್ ಶುರುವಾದವು.

ಮೊದಲ ಟೇಸ್

ರೋಗಿಗೆ ಪೂರ್ತಿ ಅರಿವಳಿಕೆ ಕೊಡಲಿಲ್ಲ. ಬಲ ತೊಡೆಸಂದಿಗೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು, ಅಪಧಮನಿಯೊಳಕ್ಕೆ ಕೊಳವೆ ಇಳಿಸಿದರು. ಮೊದಲು ಕರುಳಿನ ಅಪಧಮನಿಗೆ ಬಣ್ಣದ ದ್ರವ ಹಾಕಿ, ಅದು ಸುತ್ತಿ ಬಂದು ಪೋರ್ಟಲ್ ಅಭಿಧಮನಿಯನ್ನು ತುಂಬುವುದನ್ನು ಪರದೆಯ ಮೇಲೆ ನೋಡಿ, ಸಿಟಿ ಹೇಳಿದ್ದು ನಿಜವೆಂದು ಖಚಿತಪಡಿಸಿಕೊಂಡರು. ಬಲ ಯಕೃತ್ ಅಪಧಮನಿ ಕೆಲವರಲ್ಲಿ ಕರುಳಿನ ಅಪಧಮನಿಯಿಂದಲೇ ಕವಲೊಡೆಯುವುದುಂಟು, ಇವರಲ್ಲಿ ಹಾಗಿರಲಿಲ್ಲ. ಆಮೇಲೆ ಯಕೃತ್ ಅಪಧಮನಿಯನ್ನು ಹೊಕ್ಕು, ದೊಡ್ಡ ಕ್ಯಾಥೆಟರಿನ ಒಳಗಿನಿಂದ ಒಂದು ಮಿಲಿಮೀಟರಿಗಿಂತ ಸಣ್ಣ ವ್ಯಾಸದ ಮೈಕ್ರೊಕ್ಯಾಥೆಟರನ್ನು ಮುಂದೆ ಕಳಿಸಿದರು.

ಇಲ್ಲಿಂದ ಮುಂದಿನದು ತಾಳ್ಮೆಯ ಕೆಲಸ. ಬಲ ಅಪಧಮನಿಯ ಬುಡದಲ್ಲೇ ನಿಂತು ಔಷಧ ಬಿಟ್ಟಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು, ಆದರೆ ಬಲಭಾಗದ ಒಳ್ಳೆಯ ಯಕೃತ್ತಿಗೂ ಪೆಟ್ಟು ಬೀಳುತ್ತಿತ್ತು. ಪಿತ್ತಕೋಶದ ಅಪಧಮನಿಯೂ ಅಲ್ಲಿಂದಲೇ ಹೊರಡುತ್ತದೆ. ಅದಕ್ಕೆ ಔಷಧ ಹೋದರೆ ಪಿತ್ತಕೋಶ ಬಾವು ಬಂದು ಹೊಸ ತೊಂದರೆ. ರೇಡಿಯಾಲಜಿಸ್ಟ್ ಮೇಜಿನ ಮೇಲೆಯೇ ಕೋನ್-ಬೀಮ್ ಸಿಟಿ ತೆಗೆದು, ದೊಡ್ಡ ಗಡ್ಡೆಗೆ ಹೋಗುವ ಎರಡು ಕವಲುಗಳನ್ನೂ ಸಣ್ಣದಕ್ಕೆ ಹೋಗುವ ಒಂದನ್ನೂ ಗುರುತಿಸಿ, ಒಂದೊಂದರೊಳಗೂ ಬೇರೆ ಬೇರೆಯಾಗಿ ಮೈಕ್ರೊಕ್ಯಾಥೆಟರ್ ಹಾಯಿಸಿದರು.

ಒಳಗೆ ಹಾಕಿದ್ದು ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧ ಮತ್ತು ಲಿಪಿಯೊಡಾಲ್ ಎಂಬ ಎಣ್ಣೆಯ ಮಿಶ್ರಣ. ಲಿಪಿಯೊಡಾಲ್ ಎಂದರೆ ಗಸಗಸೆ ಎಣ್ಣೆಗೆ ಅಯೋಡಿನ್ ಕೂಡಿಸಿದ್ದು. ಅಯೋಡಿನ್ ಇರುವುದರಿಂದ ಎಕ್ಸ್‌ರೇಯಲ್ಲಿ ಕಾಣುತ್ತದೆ, ಎಣ್ಣೆಯಾದ್ದರಿಂದ ಗಡ್ಡೆಯ ನಾಳಗಳಲ್ಲಿ ಅಂಟಿಕೊಂಡು ನಿಲ್ಲುತ್ತದೆ. ಕೆಂಪು ಔಷಧದ ಸಿರಿಂಜ್ ಒಂದು ಕಡೆ, ಎಣ್ಣೆಯ ಸಿರಿಂಜ್ ಇನ್ನೊಂದು ಕಡೆ, ನಡುವೆ ಮೂರು ದಾರಿಯ ನಲ್ಲಿ. ಸಹಾಯಕರು ಎರಡನ್ನೂ ಹತ್ತಾರು ಸಲ ಆ ಕಡೆ ಈ ಕಡೆ ಒತ್ತಿ ಗಟ್ಟಿ ಗುಲಾಬಿ ಬಣ್ಣದ ದ್ರವವಾಗುವವರೆಗೆ ಬೆರೆಸಿದರು. 50 ಮಿಲಿಗ್ರಾಮ್ ಔಷಧ ಸಿದ್ಧವಾಗಿದ್ದರೂ ಹೋದದ್ದು ಸುಮಾರು 40. ಗಡ್ಡೆಯ ಸುತ್ತಲಿನ ಸಣ್ಣ ಪೋರ್ಟಲ್ ಕವಲುಗಳಲ್ಲಿ ಎಣ್ಣೆಯ ಗೆರೆ ಮೂಡತೊಡಗಿದ ಕೂಡಲೇ ರೇಡಿಯಾಲಜಿಸ್ಟ್ ನಿಲ್ಲಿಸಿ, ಕವಲುಗಳನ್ನು ಜೆಲಟಿನ್ ಸ್ಪಂಜಿನ ಚೂರುಗಳಿಂದ ಮುಚ್ಚಿದರು. ಸಿದ್ಧಪಡಿಸಿದ ಔಷಧವನ್ನೆಲ್ಲ ಮುಗಿಸಬೇಕೆಂಬ ಹಟವಿಲ್ಲದಿರುವುದು ಈ ಕೆಲಸದಲ್ಲಿ ದೊಡ್ಡ ಗುಣ. ಔಷಧವನ್ನು ನಿಧಾನವಾಗಿ ಬಿಡುವ ಮಣಿಗಳನ್ನೂ ಬಳಸಬಹುದಿತ್ತು. 2010ರಲ್ಲಿ ಪ್ರಕಟವಾದ ಪ್ರಿಸಿಶನ್-ವಿ ಅಧ್ಯಯನದಲ್ಲಿ ಅವುಗಳಿಂದ ಅಡ್ಡಪರಿಣಾಮ ಕಡಿಮೆಯೆಂದು ಕಂಡರೂ ಗಡ್ಡೆಯ ಮೇಲಿನ ಫಲದಲ್ಲಿ ಅವೇ ಮೇಲೆಂದು ಸಾಬೀತಾಗಲಿಲ್ಲ.

ಆ ರಾತ್ರಿಯಿಂದ ಜ್ವರ, ಬಲ ಪಕ್ಕೆಯಲ್ಲಿ ನೋವು, ವಾಕರಿಕೆ. ಗಡ್ಡೆ ಸಾಯುವಾಗ ಇವು ಬರುವುದು ವಾಡಿಕೆ, ಸಾಮಾನ್ಯವಾಗಿ ಒಂದು ವಾರದೊಳಗೆ ತಗ್ಗುತ್ತವೆ. ಮಗನಿಗೆ ಮಾತ್ರ ಅದು ಸೋಂಕಿನಂತೆ ಕಂಡು, “ಸಣ್ಣ ತೂತು ಅಂದ್ರಲ್ಲ ಸರ್, ಅಪ್ಪ ಎದ್ದು ಕೂರೋಕೂ ಆಗ್ತಿಲ್ಲ” ಎಂದು ಕೇಳಿದರು. ತೊಡೆಯಲ್ಲಿ ಉಳಿದದ್ದು ಸಣ್ಣ ತೂತೇ. ಒಳಗಿನ ಪೆಟ್ಟಿನ ಅಳತೆ ಅದರಿಂದ ಸಿಗುವುದಿಲ್ಲ. ಯಕೃತ್ತಿನ ಕಿಣ್ವಗಳು ಏರಿ ಇಳಿದವು. ನಾಲ್ಕನೆಯ ದಿನ ಅವರು ಮನೆಗೆ ಹೋದರು.

ವಪೆಯ ಕಡೆಯ ಉಳಿಕೆ

ಒಂದು ತಿಂಗಳ ನಂತರ ಸಿಟಿಯ ಬದಲು ಎಂಆರ್‌ಐ ಮಾಡಿಸಿದರು. ಗಡ್ಡೆಯಲ್ಲಿ ಉಳಿದ ಲಿಪಿಯೊಡಾಲ್ ಸಿಟಿಯಲ್ಲಿ ಬೆಳ್ಳಗೆ ಹೊಳೆದು, ಅದರ ನಡುವೆ ಜೀವಂತ ಭಾಗವಿದ್ದರೂ ಕಾಣದಂತೆ ಮಾಡುವುದರಿಂದ ಈ ಆಯ್ಕೆ. ಇಲ್ಲಿ ಗಡ್ಡೆಯ ಒಟ್ಟು ಗಾತ್ರವನ್ನು ಅಳೆಯುವುದಿಲ್ಲ. ಅಪಧಮನಿಯ ರಕ್ತ ಇನ್ನೂ ಹರಿಯುತ್ತಿರುವ ಭಾಗವನ್ನಷ್ಟೇ ಅಳೆಯುತ್ತಾರೆ. ವರದಿಯಲ್ಲಿ ‘4.5 ಸೆಂಟಿಮೀಟರ್’ ಎಂದು ಓದಿ ಕುಗ್ಗಿದ್ದು ಇಷ್ಟೇಯೇ ಎಂದು ಮನೆಯವರು ಕಂಗಾಲಾದದ್ದು ಈ ವ್ಯತ್ಯಾಸ ತಿಳಿಯದೆ. 6ನೇ ಭಾಗದ ಗಡ್ಡೆ ಪೂರ್ತಿ ಸತ್ತಿತ್ತು. ದೊಡ್ಡದರಲ್ಲಿ ವಪೆಗೆ ತಾಗಿದ ಅಂಚಿನಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪದ ಪಟ್ಟಿ ಜೀವಂತವಾಗಿತ್ತು. ಆಲ್ಫಾ ಫೀಟೊಪ್ರೋಟೀನ್ 412ರಿಂದ 96ಕ್ಕೆ ಇಳಿದಿತ್ತು.

ಅಂಚಿನ ಆ ಭಾಗ ಏಕೆ ಉಳಿಯಿತೆಂಬುದಕ್ಕೆ ಉತ್ತರ ಯಕೃತ್ತಿನ ಹೊರಗಿತ್ತು. ವಪೆಗೆ ಅಂಟಿಕೊಂಡು ಬೆಳೆಯುವ ಗಡ್ಡೆಗಳು ಎಷ್ಟೋ ಸಲ ವಪೆಗೆ ರಕ್ತ ಕೊಡುವ ಫ್ರೆನಿಕ್ ಅಪಧಮನಿಯಿಂದಲೂ ರಕ್ತ ಎಳೆದುಕೊಳ್ಳುತ್ತವೆ. ಯಕೃತ್ ಅಪಧಮನಿಯೊಳಗೆ ಎಷ್ಟು ನಾಜೂಕಾಗಿ ಹೋದರೂ ಆ ಭಾಗಕ್ಕೆ ಔಷಧ ಮುಟ್ಟುವುದಿಲ್ಲ. ಎಂಟು ವಾರಗಳ ನಂತರ ಎರಡನೆಯ ಟೇಸ್ ನಡೆದಾಗ, ಬಲ ಫ್ರೆನಿಕ್ ಅಪಧಮನಿಗೆ ಬಣ್ಣ ಹಾಕಿದ ಕೂಡಲೇ ಉಳಿಕೆಯ ಪಟ್ಟಿ ಪರದೆಯ ಮೇಲೆ ಬೆಳಗಿತು. ಔಷಧದ ಹೆಚ್ಚಿನ ಪಾಲು ಅಲ್ಲಿಗೆ ಹೋಯಿತು, ಸ್ವಲ್ಪ 8ನೇ ಭಾಗದ ಒಂದು ಹೊಸ ಕವಲಿಗೆ. ಬಲ ಭುಜದಲ್ಲಿ ನೋವು, ಬಿಡದ ಬಿಕ್ಕಳಿಕೆ ಇವೆರಡು ಈ ಅಪಧಮನಿಗೆ ಕೈಯಿಟ್ಟದ್ದರ ಗುರುತುಗಳು. ಬಿಕ್ಕಳಿಕೆ ಮೂರು ದಿನ ಕಾಡಿತು. ಐದು ವಾರಗಳ ಮೇಲೆ ತೆಗೆದ ಎಂಆರ್‌ಐಯಲ್ಲಿ ಎರಡು ಗಡ್ಡೆಗಳಲ್ಲೂ ಜೀವಂತ ಭಾಗ ಕಾಣಲಿಲ್ಲ. ಆಲ್ಫಾ ಫೀಟೊಪ್ರೋಟೀನ್ 11.

ಅದೇ ಎಂಆರ್‌ಐಯಲ್ಲಿ 4ನೇ ಭಾಗದಲ್ಲಿ 1.5 ಸೆಂಟಿಮೀಟರಿನ ಹೊಸ ಗಂಟೊಂದು ಕಂಡಿತು.

ಮೂರನೆಯದಕ್ಕೆ ತಡೆ

ಮಗ ಮತ್ತು ರೋಗಿಯ ತಮ್ಮ ಇಬ್ಬರೂ ಮೂರನೆಯ ಟೇಸ್‌ಗೆ ದಿನ ಕೇಳಿಕೊಂಡು ಬಂದಿದ್ದರು. ಎರಡು ಸಲ ಫಲ ಕೊಟ್ಟದ್ದು ಮೂರನೆಯ ಸಲವೂ ಕೊಡುತ್ತದೆಂಬುದು ಅವರ ಲೆಕ್ಕ, ಮತ್ತು ಗಡ್ಡೆಯನ್ನಷ್ಟೇ ನೋಡಿದರೆ ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಕೋಣೆಯೊಳಗೆ ಬಂದ ರೋಗಿಯ ಕಣ್ಣು ಹಳದಿಯಾಗಿತ್ತು, ಲುಂಗಿಯ ಗಂಟನ್ನು ಹೊಕ್ಕುಳಿನ ಕೆಳಗೆ ಸಡಿಲವಾಗಿ ಕಟ್ಟಿದ್ದರು. ಬಿಲಿರುಬಿನ್ 2.7, ಆಲ್ಬುಮಿನ್ 2.9, ಐಎನ್‌ಆರ್ 1.5, ಹೊಟ್ಟೆಯಲ್ಲಿ ಸ್ವಲ್ಪ ನೀರು. ಚೈಲ್ಡ್-ಪ್ಯೂ 6ರಿಂದ 8ಕ್ಕೆ ಏರಿ ದರ್ಜೆ ‘ಬಿ’ ಆಗಿತ್ತು. ಲಿವರ್ ತಜ್ಞರು ಟೇಸ್ ಸದ್ಯಕ್ಕೆ ಸಾಧ್ಯವಿಲ್ಲವೆಂದರು.

“ಗಡ್ಡೆ ಬೆಳೀತಾ ಇರುವಾಗ ಸುಮ್ನೆ ಕೂರೋದಾ ಸರ್?” ಎಂದು ಮಗ ಕೇಳಿದ್ದಕ್ಕೆ ಅವರ ಉತ್ತರ ಹೀಗಿತ್ತು: “ಈ ಗಂಟು ನಿಮ್ಮ ತಂದೆಯವರಿಗೆ ತೊಂದರೆ ಕೊಡೋಕೆ ತಿಂಗಳುಗಟ್ಟಲೆ ಬೇಕು. ಈ ಲಿವರ್‌ಗೆ ಇವತ್ತು ಇನ್ನೊಂದು ಪೆಟ್ಟು ಕೊಟ್ರೆ ವಾರಗಳಲ್ಲಿ ಗೊತ್ತಾಗುತ್ತೆ.”

ತಂಡದೊಳಗೆ ಮೊದಲು ಬಂದ ಊಹೆ ಎರಡನೆಯ ಟೇಸ್‌ನಿಂದಲೇ ಯಕೃತ್ತು ಬಳಲಿತೆಂಬುದು. ರೇಡಿಯಾಲಜಿಸ್ಟ್ ಇದನ್ನು ಒಪ್ಪಲಿಲ್ಲ: ಔಷಧದ ಹೆಚ್ಚಿನ ಪಾಲು ಹೋದದ್ದು ವಪೆಯ ಅಪಧಮನಿಗೆ, ಯಕೃತ್ತಿಗೆ ಹೋದದ್ದು ಸ್ವಲ್ಪ, ಅದೂ ಒಂದೇ ಕವಲಿಗೆ. ಮೇಲಾಗಿ ಟೇಸ್‌ನಿಂದ ಏರುವ ಕಿಣ್ವಗಳು ಮೊದಲ ವಾರದಲ್ಲೇ ಏರಿ ಇಳಿಯುತ್ತವೆ. ಇವರಲ್ಲಿ ಎಎಲ್‌ಟಿ ಎಂಬ ಯಕೃತ್ತಿನ ಕಿಣ್ವ ಐದನೆಯ ವಾರದಲ್ಲಿ 286ಕ್ಕೆ ಏರಿತ್ತು. ಕಾಲ ಹೊಂದುತ್ತಿರಲಿಲ್ಲ. ಪೋರ್ಟಲ್ ಅಭಿಧಮನಿಯನ್ನು ಮತ್ತೆ ನೋಡಿದರು, ತೆರೆದೇ ಇತ್ತು. ಮಲೆನಾಡಿನಲ್ಲಿ ಕಾಮಾಲೆಗೆ ನಾಟಿ ಔಷಧ ಕುಡಿಯುವುದು ಸಾಮಾನ್ಯವಾದ್ದರಿಂದ ಅದನ್ನೂ ವಿಚಾರಿಸಿದರು, ಕುಡಿದಿರಲಿಲ್ಲ. ಕೊನೆಗೆ ಲಿವರ್ ತಜ್ಞರು ಮಾತ್ರೆಗಳ ಚೀಲ ತೆರೆಯಲು ಹೇಳಿದರು. ಅದರಲ್ಲಿ ಟೆನೊಫೊವಿರ್ ಇರಲಿಲ್ಲ.

ಎರಡನೆಯ ಟೇಸ್ ಮುಗಿಸಿ ಹೊರಡುವಾಗ ಕೊಟ್ಟ ಇಂಗ್ಲಿಷ್ ಪಟ್ಟಿಯಲ್ಲಿ ಏಳು ಔಷಧಗಳಿದ್ದವು. ಆಂಟಿಬಯಾಟಿಕ್, ನೋವಿನ ಮಾತ್ರೆ, ವಾಂತಿಯ ಮಾತ್ರೆಗಳ ಎದುರು ಐದು ದಿನವೆಂದು ಬರೆದಿತ್ತು. ಆರನೆಯ ಸಾಲಿನ ಟೆನೊಫೊವಿರ್ ಎದುರು ಹದಿನೈದು ದಿನ ಎಂದಿತ್ತು. ಮುಂದಿನ ಭೇಟಿಯವರೆಗಿನ ಲೆಕ್ಕವದು. ಭೇಟಿ ಮುಂದಕ್ಕೆ ಹೋಯಿತು. ಮೆಡಿಕಲ್ ಶಾಪಿನವರು ಹದಿನೈದು ಮಾತ್ರೆ ಎಣಿಸಿ ಕೊಟ್ಟರು, ಅವು ಮುಗಿದವು, ಕೋರ್ಸ್ ಮುಗಿಯಿತೆಂದು ರೋಗಿ ನಿಶ್ಚಿಂತರಾದರು. ಈ ಮಾತ್ರೆ ಜೀವನಪರ್ಯಂತ ತೆಗೆದುಕೊಳ್ಳುವಂಥದ್ದೆಂದು ಅವರಿಗೆ ಯಾರೋ ಒಮ್ಮೆ ಹೇಳಿದ್ದಿರಬಹುದು, ಆದರೆ ಪಟ್ಟಿಯಲ್ಲಿ ಅದಕ್ಕೆ ಉಳಿದ ಆರಕ್ಕಿಂತ ಬೇರೆಯಾದ ಸ್ಥಾನವಿರಲಿಲ್ಲ. ಹೆಪಟೈಟಿಸ್ ಬಿ ಇರುವವರಲ್ಲಿ ಕೀಮೋ ಔಷಧ, ಟೇಸ್‌ನಿಂದ ಹೋಗುವ ಡಾಕ್ಸೊರುಬಿಸಿನ್ ಸಹ, ವೈರಸ್ಸನ್ನು ಮತ್ತೆ ಕೆರಳಿಸಬಲ್ಲದು. ಅಂಥ ಹೊತ್ತಿನಲ್ಲಿ ತಡೆಯ ಮಾತ್ರೆಯನ್ನೂ ನಿಲ್ಲಿಸಿದರೆ ಎರಡು ಕಡೆಯಿಂದ ಪೆಟ್ಟು. ರಕ್ತದಲ್ಲಿ ವೈರಸ್ ಪ್ರಮಾಣ ಚಿಕಿತ್ಸೆಗೆ ಮೊದಲಿದ್ದುದಕ್ಕಿಂತಲೂ ಮೇಲೇರಿತ್ತು.

ಈ ಪ್ರಕರಣದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಕ್ಯಾಥ್‌ಲ್ಯಾಬಿನೊಳಗೆ ನಡೆದದ್ದಲ್ಲ, ಈ ಚೀಲ ತೆರೆಸಿದ್ದು. ಮೂರನೆಯ ಟೇಸ್ ಆಗಲೇ ಆಗಿದ್ದರೆ ಯಕೃತ್ತು ಕುಸಿಯುತ್ತಿತ್ತು, ಕುಸಿತಕ್ಕೆ ಕ್ಯಾನ್ಸರಿನ ಹೆಸರು ಬೀಳುತ್ತಿತ್ತು, ಮಾತ್ರೆಯ ವಿಷಯ ಯಾರಿಗೂ ತಿಳಿಯುತ್ತಿರಲಿಲ್ಲ.

ಟೆನೊಫೊವಿರ್ ಮತ್ತೆ ಶುರುವಾಯಿತು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಮಾತ್ರೆ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ. ರೋಗಿಯನ್ನು ಅಲ್ಲಿಗೆ ನೋಂದಾಯಿಸಿದ್ದರಿಂದ ಮಾತ್ರೆ ಮುಗಿದಾಗ ಬೆಂಗಳೂರಿನ ಭೇಟಿಯನ್ನು ಕಾಯಬೇಕಾದ ಸ್ಥಿತಿ ತಪ್ಪಿತು. ಉಪ್ಪು ಕಡಿಮೆ ಮಾಡಿ, ನೀರಿಳಿಸುವ ಮಾತ್ರೆ ಕೊಟ್ಟರು. ಉಪ್ಪಿನಕಾಯಿ ಬಿಡಿಸುವುದು ಮಾತ್ರೆ ನುಂಗಿಸುವುದಕ್ಕಿಂತ ಕಷ್ಟವಾಯಿತೆಂದು ಅವರ ಹೆಂಡತಿ ಹೇಳಿದರು. ಮಾವಿನ ಮಿಡಿಯ ರುಚಿ ಬಲ್ಲ ಮಲೆನಾಡಿನವರಿಗೆ ಆ ಮಾತು ಅರ್ಥವಾಗುತ್ತದೆ.

ಎರಡು ತಿಂಗಳ ನಂತರ ಬಿಲಿರುಬಿನ್ 1.5, ಆಲ್ಬುಮಿನ್ 3.2, ಐಎನ್‌ಆರ್ 1.3. ಸ್ಕ್ಯಾನಿನಲ್ಲಿ ನೀರು ಕಾಣಲಿಲ್ಲವಾದರೂ, ಮಾತ್ರೆಯ ಬಲದಿಂದ ಹಿಡಿತದಲ್ಲಿರುವ ಜಲೋದರಕ್ಕೂ ಎರಡು ಅಂಕ ಕೊಡಬೇಕಾದ್ದರಿಂದ ಚೈಲ್ಡ್-ಪ್ಯೂ ಎಣಿಕೆ 7. ಕಾಯ್ದದ್ದಕ್ಕೆ ಬೆಲೆಯನ್ನೂ ತೆರಬೇಕಾಗಿತ್ತು: 4ನೇ ಭಾಗದ ಗಂಟು 1.5ರಿಂದ 1.8 ಸೆಂಟಿಮೀಟರಿಗೆ ಬೆಳೆದಿತ್ತು, ಆಲ್ಫಾ ಫೀಟೊಪ್ರೋಟೀನ್ 19 ಆಗಿತ್ತು. ಆಗಲೂ ತಂಡ ಟೇಸ್‌ಗೆ ಹೋಗಲಿಲ್ಲ. ಒಂದೇ ಗಂಟು, 2 ಸೆಂಟಿಮೀಟರಿನೊಳಗೆ, ದೊಡ್ಡ ಪಿತ್ತನಾಳಗಳಿಂದ ದೂರ. ಇದು ಸುಡುವುದಕ್ಕೆ ಹೇಳಿಮಾಡಿಸಿದ ಗಂಟು. ಅಲ್ಟ್ರಾಸೌಂಡ್ ನೋಡುತ್ತ ಚರ್ಮದ ಮೂಲಕ ಮೈಕ್ರೊವೇವ್ ಸೂಜಿ ತೂರಿಸಿ, ಗಂಟಿನ ಸುತ್ತ ಅರ್ಧ ಸೆಂಟಿಮೀಟರಿಗಿಂತ ಹೆಚ್ಚಿನ ಅಂಚು ಸೇರಿಸಿ ಸುಟ್ಟರು. ಮಾರನೆಯ ದಿನ ರೋಗಿ ಮನೆಗೆ ಹೋದರು. ಈ ಸಲದ ಪಟ್ಟಿಯ ತಲೆಯಲ್ಲಿ, ಉಳಿದೆಲ್ಲ ಔಷಧಗಳಿಂದ ಬೇರ್ಪಡಿಸಿ, ‘ಟೆನೊಫೊವಿರ್ ದಿನಕ್ಕೊಂದು, ಎಂದೂ ನಿಲ್ಲಿಸಬಾರದು’ ಎಂದು ಕನ್ನಡದಲ್ಲಿ ಕೈಯಲ್ಲೇ ಬರೆದಿದ್ದರು.

ತಮ್ಮನ ರಕ್ತಪರೀಕ್ಷೆ ಮತ್ತು ಮುಂದಿನ ದಾರಿ

ಗಡ್ಡೆಗಳು ಮಿಲಾನ್ ಮಿತಿಯೊಳಗೆ ಬಂದಿದ್ದರಿಂದ ಕಸಿಯ ಮಾತು ಮತ್ತೆ ಎದ್ದಿತು. ಕರ್ನಾಟಕದಲ್ಲಿ ಮೃತ ದಾನಿಗಳ ಅಂಗಗಳ ಹಂಚಿಕೆಯನ್ನು ನೋಡಿಕೊಳ್ಳುವ ಜೀವಸಾರ್ಥಕತೆಯಲ್ಲಿ ಹೆಸರು ಸೇರಿಸಿ ಕಾಯುವುದು ಒಂದು ದಾರಿ, ಮನೆಯವರೊಬ್ಬರು ಯಕೃತ್ತಿನ ಭಾಗ ಕೊಡುವುದು ಇನ್ನೊಂದು. ತಮ್ಮ ಮುಂದೆ ಬಂದು, “ಅಣ್ಣಯ್ಯ, ನನ್ನದೇ ತಗೊಳ್ಲಿ, ಮಗು ಮೈಗೆ ಕತ್ತರಿ ಬೇಡ” ಎಂದರು. ದಾನಿಯ ಪರೀಕ್ಷೆಯ ಮೊದಲ ದಿನವೇ ಅವರಲ್ಲೂ ಹೆಪಟೈಟಿಸ್ ಬಿ ಇರುವುದು ತಿಳಿಯಿತು. ತಾಯಿಯಿಂದ ಹೆರಿಗೆಯ ಹೊತ್ತಿನಲ್ಲಿ ಇಬ್ಬರಿಗೂ ಬಂದಿರುವ ಸಂಭವವೇ ಹೆಚ್ಚು. ದಾನ ಸಾಧ್ಯವಾಗಲಿಲ್ಲ, ಬದಲಿಗೆ ಅವರ ಆರು ತಿಂಗಳಿಗೊಮ್ಮೆಯ ಅಲ್ಟ್ರಾಸೌಂಡ್ ಶುರುವಾಯಿತು. ರೋಗಿಯ ಹೆಂಡತಿ ಮತ್ತು ಮಕ್ಕಳಲ್ಲಿ ವೈರಸ್ ಇರಲಿಲ್ಲ, ಅವರಿಗೆ ಲಸಿಕೆ ಹಾಕಿಸಲಾಯಿತು. ರಕ್ತದಾನ ಶಿಬಿರದ ಆ ಹಳೆಯ ಚೀಟಿಯ ಬೆನ್ನಲ್ಲೇ ಆಗಬೇಕಾಗಿದ್ದ ಕೆಲಸವಿದು.

ಮಗನ ರಕ್ತದ ಗುಂಪು ಹೊಂದುತ್ತದೆ, ವಯಸ್ಸು 29. ಇಲ್ಲಿ ತಂಡದೊಳಗೆ ಒಮ್ಮತವಿಲ್ಲ. ಲಿವರ್ ತಜ್ಞರು ಕಸಿಯನ್ನು ಈಗಲೇ ಮಾಡಬೇಕೆನ್ನುತ್ತಾರೆ: ಗಡ್ಡೆ ಹುಟ್ಟುತ್ತಿರುವುದು ಸಿರೋಸಿಸ್ ಆದ ಯಕೃತ್ತಿನಿಂದ, ಅದು ಇರುವವರೆಗೆ ನಾಲ್ಕನೆಯದೂ ಐದನೆಯದೂ ಹುಟ್ಟುತ್ತವೆ, ಜೊತೆಗೆ ಒಮ್ಮೆ 8ಕ್ಕೆ ಏರಿದ ಎಣಿಕೆ ಮತ್ತೆ ಏರಲು ದೊಡ್ಡ ನೆಪ ಬೇಕಾಗಿಲ್ಲ. ರೇಡಿಯಾಲಜಿಸ್ಟ್ ಇನ್ನೊಂದು ಎಂಆರ್‌ಐವರೆಗೆ ಕಾಯೋಣವೆನ್ನುತ್ತಾರೆ. ಎರಡನೆಯ ಟೇಸ್‌ನ ಬೆನ್ನಲ್ಲೇ ಹೊಸ ಗಂಟು ಕಂಡದ್ದು ಈ ಕ್ಯಾನ್ಸರಿನ ಸ್ವಭಾವ ಶಾಂತವಲ್ಲವೆಂಬುದರ ಸೂಚನೆಯಾಗಿರಬಹುದು, ಹಾಗಿದ್ದರೆ ಕಸಿಯ ನಂತರ ಪ್ರತಿರೋಧ ತಗ್ಗಿಸುವ ಔಷಧಗಳ ನಡುವೆ ಅದು ಮರಳಿದರೆ ಮಗನ ದಾನ ವ್ಯರ್ಥವಾಗುತ್ತದೆಂಬುದು ಅವರ ಆತಂಕ. ಕ್ಯಾನ್ಸರ್ ಔಷಧ ತಜ್ಞರು ಎಮರಾಲ್ಡ್-1 ಅಧ್ಯಯನವನ್ನು ಮುಂದಿಟ್ಟರು: ಟೇಸ್ ಜೊತೆಗೆ, ಪ್ರತಿರೋಧ ಶಕ್ತಿಯನ್ನು ಕೆರಳಿಸುವ ಡುರ್ವಾಲುಮಾಬ್ ಮತ್ತು ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮಾಬ್ ಕೊಟ್ಟವರಲ್ಲಿ ರೋಗ ಮುಂದುವರಿಯದೆ ನಿಂತ ಅವಧಿಯ ಮಧ್ಯಾಂಕ 15 ತಿಂಗಳು, ಟೇಸ್ ಮಾತ್ರ ಪಡೆದವರಲ್ಲಿ 8.2. ಆದರೆ 2024ರಲ್ಲಿ ಆ ಫಲಿತಾಂಶ ಹೊರಬಿದ್ದಾಗ ಒಟ್ಟು ಆಯುಷ್ಯ ಹೆಚ್ಚಿದ್ದು ಇನ್ನೂ ಸ್ಥಾಪಿತವಾಗಿರಲಿಲ್ಲ. ಬೆವಾಸಿಜುಮಾಬ್ ರಕ್ತಸ್ರಾವದ ಅಪಾಯ ಹೆಚ್ಚಿಸುವುದರಿಂದ ಅನ್ನನಾಳದ ನಾಳಗಳು ಉಬ್ಬಿದ ಈ ರೋಗಿಗೆ ಅದು ಸಲೀಸಾದ ಆಯ್ಕೆಯಲ್ಲ. ಕಸಿ ಕಣ್ಣಳತೆಯಲ್ಲಿರುವಾಗ ಪ್ರತಿರೋಧ ಶಕ್ತಿಯನ್ನು ಕೆರಳಿಸುವ ಔಷಧ ಕೊಟ್ಟರೆ ಹೊಸ ಯಕೃತ್ತನ್ನು ದೇಹ ತಿರಸ್ಕರಿಸುವ ಅಪಾಯವೂ ಇದೆ. ಅದನ್ನು ಕಸಿಯ ದಾರಿ ಮುಚ್ಚಿದರೆ ಮಾತ್ರ ನೋಡೋಣವೆಂದು ಬದಿಗಿಟ್ಟರು.

ನನ್ನ ಒಲವು ಲಿವರ್ ತಜ್ಞರ ಕಡೆಗೆ, ಆದರೆ ರೇಡಿಯಾಲಜಿಸ್ಟರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಮೂರು ತಿಂಗಳು ಕಾದು ನೋಡುವ ನಿಯಮ ಇರುವುದೇ ಆ ಆತಂಕಕ್ಕಾಗಿ, ಮತ್ತು ಅಬ್ಲೇಶನ್ ಆದ ದಿನದಿಂದ ಆ ಮೂರು ತಿಂಗಳನ್ನು ಹೊಸದಾಗಿ ಎಣಿಸಬೇಕು ಎಂಬಲ್ಲಿ ಇಬ್ಬರೂ ಒಪ್ಪಿದ್ದಾರೆ. ಅಬ್ಲೇಶನ್ ಆದ ಒಂದು ತಿಂಗಳ ಎಂಆರ್‌ಐಯಲ್ಲಿ ಜೀವಂತ ಭಾಗವಿಲ್ಲ, ಆಲ್ಫಾ ಫೀಟೊಪ್ರೋಟೀನ್ 7. ರೋಗಿಗೆ ಅಡಿಕೆ ಕೊಯ್ಲು ಮುಗಿಯುವವರೆಗೆ ಊರು ಬಿಡಲು ಮನಸ್ಸಿಲ್ಲ, ಕೊಯ್ಲು ಮುಗಿಯುವುದೂ ಮೂರು ತಿಂಗಳು ತುಂಬುವುದೂ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ. ಅಷ್ಟರಲ್ಲಿ ಮಗನ ದಾನಿ ಪರೀಕ್ಷೆಗಳನ್ನು ಮುಗಿಸಿಡುವುದು, ವೈರಸ್ ಪ್ರಮಾಣವನ್ನು ಮತ್ತೊಮ್ಮೆ ನೋಡುವುದು, ಎಂಆರ್‌ಐ ಸ್ವಚ್ಛವಾಗಿದ್ದರೆ ಕಸಿಗೆ ದಿನ ಗೊತ್ತುಮಾಡುವುದು, ಹೊಸ ಗಂಟು ಕಂಡರೆ ಎಣಿಕೆ 7ರೊಳಗಿದೆಯೇ ಎಂದು ಮೊದಲು ನೋಡಿ ಆಮೇಲೆ ಕ್ಯಾಥೆಟರಿನ ಮಾತನಾಡುವುದು ಎಂದು ಕಡತದಲ್ಲಿ ಬರೆದಿದ್ದಾರೆ.